ಕರುಳಿನ ಒಳಗೋಡೆಯನ್ನು ಕಾಯೋಣ

ನಮ್ಮ ಕರುಳಿನ ಒಳಗೋಡೆಗೆ ಒಂದೇ ಸಾಲಿನ ಜೀವಕೋಶಗಳ ಹೊದಿಕೆಯಿದೆ. ಕೋಶದೊಳಗಿನ ಕೆರಾಟಿನ್, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಅದಕ್ಕೆ ಗಟ್ಟಿತನ ನೀಡಿದರೆ, ಕ್ಲಾಡಿನ್, ಅಕ್ಲೂಡಿನ್‌ಗಳು ಕೋಶಗಳ ನಡುವಿನ ಸಂದುಗಳನ್ನು ಬಿಗಿಯುತ್ತವೆ. ಉರಿಯೂತದಲ್ಲಿ ಈ ಬಿಗಿ ಸಡಿಲಗೊಂಡು ಸೂಕ್ಷ್ಮಾಣುಗಳು ಒಳನುಸುಳುತ್ತವೆ. ಉರಿಯೂತ ಮತ್ತಷ್ಟು ಹೆಚ್ಚುತ್ತದೆ.

ಈ ಗೋಡೆಗೆ ನಾವೇ ಪೆಟ್ಟು ಕೊಡುವುದೂ ಉಂಟು. ದೇವದುರ್ಗ, ಮಾನ್ವಿ ಭಾಗದಲ್ಲಿ ಭತ್ತ ನಾಟಿ ಮಾಡಿ ಬಂದವರು ಸೊಂಟನೋವಿಗೆ ಅಂಗಡಿಯ ಗುಳಿಗೆ ನುಂಗುವುದನ್ನು ಬಲ್ಲೆವು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳ ನಿತ್ಯಸೇವನೆ ಕರುಳಿನ ಪೊರೆಯನ್ನು ಕೆಡಿಸಬಲ್ಲದು.

ಗ್ರಹಣಿಯಲ್ಲಿ ಮಜ್ಜಿಗೆ ಹಿತವೆಂದು ಆಯುರ್ವೇದ ಹೇಳುತ್ತದೆ. ಆದರೆ ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ತೂಕದ ಇಳಿಕೆ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಿರದೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿರಿ. ವೈದ್ಯರು ಕೊಟ್ಟ ಔಷಧವನ್ನು ಪಥ್ಯವನ್ನು ನಂಬಿ ನಿಲ್ಲಿಸದಿರಿ. ಇಷ್ಟಲಿಂಗ ಧರಿಸಿದ ಕಾಯವನ್ನು ಕಾಪಾಡಿಕೊಳ್ಳುವುದೂ ಪೂಜೆಯೇ.