ಮನೆಗೆಲಸವೂ ಕಾಯಕವೇ

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನವರ ಕಾಯಕ ಶಿವಭಕ್ತರ ಮನೆಯಂಗಳ ಗುಡಿಸುವುದಾಗಿತ್ತು. ಕಸ ಗುಡಿಸುವುದನ್ನೂ ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು. ಆದರೂ ನಮ್ಮ ಮನೆಗಳಲ್ಲಿ ಪೊರಕೆ ಒಬ್ಬರ ಕೈಯಲ್ಲೇ ಉಳಿದಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾರೆ. ಪುರುಷರು 97 ನಿಮಿಷ. ಹಾಗೆ ತೊಡಗುವ ಪುರುಷರೇ ಸುಮಾರು ನಾಲ್ವರಲ್ಲಿ ಒಬ್ಬರು.

‘ಹೆಂಡತಿಗೆ ಸಹಾಯ ಮಾಡುತ್ತೇನೆ’ ಎಂಬ ಮಾತಿನಲ್ಲೇ ತೊಡಕಿದೆ. ಸಹಾಯಕನು ಹೇಳಿಸಿಕೊಂಡು ಮಾಡುತ್ತಾನೆ. ಅಕ್ಕಿ ಮುಗಿಯಿತೇ, ಹಾಲು ಬಂತೇ ಎಂಬ ನೆನಪಿನ ಹೊರೆ ಆಕೆಯ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಒಂದೊಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಹಿಸಿಕೊಳ್ಳಬೇಕು. ರಾತ್ರಿಯ ಪಾತ್ರೆ ಮಗನದೆಂದರೆ ಸೋಪು ತರುವುದೂ ಅವನದೇ. ಮೊದಲ ವಾರ ಜಿಡ್ಡು ಉಳಿದೀತು; ಅತ್ತೆಯವರು ಆ ಪಾತ್ರೆಯನ್ನು ಸೊಸೆಯ ಮುಂದಿಡದೆ ಮಗನಿಗೇ ಮರಳಿಸಲಿ.