ಜಾತ್ರೆಗೆ ಹೊರಡುವ ಮುನ್ನ ಕಮಾನು ಬಂಡಿಯ ಆರೈಕೆ

ಮಾಘಮಾಸ ಸಮೀಪಿಸಿತೆಂದರೆ ಜಗಳೂರು ಸೀಮೆಯ ನಮ್ಮ ಸೊಕ್ಕೆಯಲ್ಲಿ ಹಿಂದೆ ಎರಡು ಸಪ್ಪಳಗಳು ತಪ್ಪದೆ ಕೇಳಿಬರುತ್ತಿದ್ದವು. ಒಂದು, ಜಾತ್ರೆಯ ಬುತ್ತಿಗಾಗಿ ತಾಯಂದಿರು ರೊಟ್ಟಿ ಬಡಿಯುವ ಸಪ್ಪಳ. ಇನ್ನೊಂದು, ಮನೆಯ ಯಜಮಾನರು ಕಮಾನು ಬಂಡಿಯ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುವ ಸಪ್ಪಳ. ಮಾಘ ಬಹುಳದಲ್ಲಿ ಕೊಟ್ಟೂರಿನ ಶ್ರೀ ಗುರು ಕೊಟ್ಟೂರೇಶ್ವರರ ತೇರು, ಫಾಲ್ಗುಣದಲ್ಲಿ ನಾಯಕನಹಟ್ಟಿಯ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳ ತೇರು, ಬೇಸಿಗೆಯಲ್ಲಿ ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರರ ಶಿಖರ ತೈಲಾಭಿಷೇಕ. ಇವೆಲ್ಲಕ್ಕೂ ಮನೆಮಂದಿಯನ್ನು ಕರೆದೊಯ್ಯುತ್ತಿದ್ದುದು ಈ ಬಂಡಿಯೇ. ಬಿದಿರಿನ ಕಮಾನಿನ ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸಿದರೆ ಅದೇ ಮಕ್ಕಳ ಮಲಗುವ ಮನೆ. ಬಂಡಿಯ ನೆರಳಿನಲ್ಲಿ ಮೂರು ಕಲ್ಲು ಹೂಡಿದರೆ ಅದೇ ಅಡುಗೆಮನೆ.

ಈಗ ಬಸ್ಸು, ಟ್ರ್ಯಾಕ್ಟರುಗಳ ಕಾಲ. ಆದರೂ ಎತ್ತಿನ ಬಂಡಿ ಸಂಪೂರ್ಣವಾಗಿ ಮರೆಯಾಗಿಲ್ಲ. ಮೈಲಾರದ ಕಾರ್ಣಿಕಕ್ಕೆ ಇಂದಿಗೂ ಬಂಡಿ ಹೂಡಿಕೊಂಡು ಬರುವ ಭಕ್ತರಿದ್ದಾರೆ. ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜನ ಕಾಲದ ಬಂಡಿಯನ್ನು ಉಳಿಸಿಕೊಂಡಿರುವ ಮನೆಗಳೂ ನಮ್ಮ ಸೀಮೆಯಲ್ಲಿ ಉಂಟು. ಅಂತಹ ಮನೆಗಳವರು ತಮ್ಮ ಕೈಯಾರೆ ಮಾಡಿಕೊಳ್ಳಬಹುದಾದ ಆರೈಕೆಯ ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನಮ್ಮ ಬಹುದಿನದ ಅಪೇಕ್ಷೆ. ಅದಕ್ಕೆ ಕಾರಣವಾದ ಘಟನೆಯನ್ನು ಮೊದಲು ನಿವೇದಿಸುತ್ತೇವೆ.

ನಮ್ಮ ಕೈತಪ್ಪು

ನಮಗಾಗ 12 ವರ್ಷ. ಕೊಟ್ಟೂರ ಜಾತ್ರೆಗೆ ಹೊರಡುವ ಹಿಂದಿನ ದಿನ ಗಾಲಿಗಳಿಗೆ ಕೀಲೆಣ್ಣೆ ಹಾಕುವ ಕೆಲಸವನ್ನು ತಂದೆಯವರು ನಮಗೆ ಒಪ್ಪಿಸಿದ್ದರು. ಎಡಗಾಲಿಯ ಕಡೆಗೀಲು, ನಮ್ಮ ಸೀಮೆಯ ಮಾತಿನಲ್ಲಿ ಕಡಾಣಿ, ಬಿಚ್ಚುವಾಗ ಹುಲ್ಲಿನಲ್ಲಿ ಬಿದ್ದು ಕಾಣದಾಯಿತು. ಬೈಗುಳಕ್ಕೆ ಅಂಜಿ, ಒಂದು ಹಳೆಯ ಮೊಳೆಯನ್ನು ಅದರ ಜಾಗಕ್ಕೆ ತುರುಕಿ ಸುಮ್ಮನಾದೆವು. ಮರುದಿನ ಸಂಜೆ ಬಂಡಿ ಹೊರಟಿತು. ನಡುರಾತ್ರಿ, ಹಳ್ಳವೊಂದರ ಇಳಿಜಾರಿನಲ್ಲಿ ಮೊಳೆ ಕತ್ತರಿಸಿ ಗಾಲಿ ಕಳಚಿತು. ಬಂಡಿ ಒಂದು ಮಗ್ಗುಲಿಗೆ ವಾಲಿತು. ದೈವಕೃಪೆಯಿಂದ ತಾಯಿಯವರಿಗೂ ಮಕ್ಕಳಿಗೂ ಪೆಟ್ಟಾಗಲಿಲ್ಲ. ಆದರೆ ನೊಗ ತಿರುಚಿಕೊಂಡು ಎಡಗಡೆಯ ಎತ್ತು ಕೆಂದನ ಹೆಗಲು ಉಳುಕಿತು.

ತಂದೆಯವರು ಕಂದೀಲು ಹಿಡಿದು ಅಚ್ಚಿನ ತುದಿಯನ್ನು ನೋಡಿದರು, ಮುರಿದ ಮೊಳೆಯ ತುಂಡನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡರು, ನಮ್ಮನ್ನು ನೋಡಿದರು. ಏನೂ ಅನ್ನಲಿಲ್ಲ. ಆ ವರ್ಷ ನಾವು ತೇರು ಕಾಣಲಿಲ್ಲ. ಊರಿಗೆ ಮರಳಿದ ಮೇಲೆ ಎರಡು ತಿಂಗಳು ದಿನವೂ ಬೆಳಿಗ್ಗೆ ಬೇವಿನ ಸೊಪ್ಪು ಕಾಯಿಸಿ ಕೆಂದನ ಹೆಗಲಿಗೆ ಶಾಖ ಕೊಡುವ ಕೆಲಸ ನಮ್ಮದಾಯಿತು. ಕೆಂದ ಮತ್ತೆಂದೂ ನೊಗ ಹೊರಲಿಲ್ಲ. ಮುಂದೆ ಮಠದ ಪಾಠಶಾಲೆಯಲ್ಲಿ ಕಾಯಕ, ದಯೆ ಎಂಬ ಶಬ್ದಗಳ ಅರ್ಥವನ್ನು ಗುರುಗಳು ವಿವರಿಸಿದಾಗಲೆಲ್ಲ ನಮ್ಮ ಕಣ್ಣೆದುರು ಬರುತ್ತಿದ್ದುದು ಆ ಮೊಳೆಯ ತುಂಡು. ಬಂಡಿಯ ದೋಷವನ್ನು ಕೊನೆಗೆ ಹೊರುವುದು ಮಾತುಬಾರದ ಬಸವಣ್ಣನ ಹೆಗಲು ಎಂಬುದನ್ನು ನಾವು ಅರಿತದ್ದು ಹೀಗೆ.

ಗಾಲಿಯ ಪರೀಕ್ಷೆ

ಕಳೆದ ವರ್ಷ ನಮ್ಮ ಅಣ್ಣನ ಮಗ, "ಚಿಕ್ಕಪ್ಪ, ಆ ಬಂಡಿ ಸುಮ್ಮನೆ ಜಾಗ ತಿನ್ನುತ್ತೈತಿ, ಬಿಚ್ಚಿ ಮರ ಮಾರಿಬಿಡೋಣ" ಎಂದ. "ಮೊದಲು ನೋಡೋಣ, ಆಮೇಲೆ ಮಾರೋಣ" ಎಂದೆವು. ಇಬ್ಬರೂ ಕುಳಿತು ಮಾಡಿದ ಕೆಲಸದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಎತ್ತುಗಳನ್ನು ಬಿಚ್ಚಿ, ಒಂದು ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಇನ್ನೊಂದು ಗಾಲಿಯ ಪಕ್ಕದಲ್ಲಿ ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಯನ್ನು ಊರಬೇಕು. ದಿಮ್ಮಿ ಭದ್ರವಾಗಿ ನಿಲ್ಲುವವರೆಗೆ ಯಾರೂ ಬಂಡಿಯ ಕೆಳಗೆ ಕೈಯಿಡಬಾರದು. ಗಾಲಿಯನ್ನು ತಿರುಗಿಸಿ ನೋಡಬೇಕು. ಅಡ್ಡಡ್ಡ ಅಲುಗಿದರೆ ಗುಂಬದೊಳಗಿನ ಕಬ್ಬಿಣದ ಕೊಳವೆ ಸವೆದಿದೆ ಎಂದರ್ಥ. ಬಳಿಕ ಗುಂಬದಿಂದ ಅಂಚಿಗೆ ಹೋಗುವ ಅರೆಕಾಲುಗಳನ್ನು ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಬಿಗಿಯಾದ ಮರ ಖಣಖಣ ನಾದ ಕೊಡುತ್ತದೆ. ಸಡಿಲವಾದದ್ದು, ಬಿರುಕುಬಿಟ್ಟದ್ದು ಮಂಕಾಗಿ ನುಡಿಯುತ್ತದೆ.

ಹೊರಗಿನ ಕಬ್ಬಿಣದ ಹಳಿಯನ್ನು ಕಮ್ಮಾರರು ಕೆಂಪಗೆ ಕಾಯಿಸಿ ತೊಡಿಸಿ, ಕೂಡಲೇ ನೀರೆರೆಯುತ್ತಾರೆ. ಕಾದು ಹಿಗ್ಗಿದ ಹಳಿ ತಣಿದು ಕುಗ್ಗುವಾಗ ಇಡೀ ಗಾಲಿಯನ್ನು ಒಂದು ಮುಷ್ಟಿಯಂತೆ ಬಿಗಿಹಿಡಿಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುವುದರಿಂದ ಹಳಿ ಸಡಿಲಾಗುವುದುಂಟು. ಗಾಲಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಮರ ಉಬ್ಬಿ ಬಿಗಿಯಾಗುತ್ತದೆಯಾದರೂ ಅದು ಎರಡು ದಿನದ ಉಪಾಯ ಮಾತ್ರ. ಮರ ಮತ್ತೆ ಒಣಗಿದೊಡನೆ ಹಳಿ ಮತ್ತೆ ಸಡಿಲು. ಹಳಿ ಕಟ್ಟುವುದು, ಗುಂಬ ಬದಲಿಸುವುದು, ಬಿರುಕುಬಿಟ್ಟ ಅಚ್ಚನ್ನು ತೆಗೆಯುವುದು ಇವು ಮನೆಯ ಕೆಲಸಗಳಲ್ಲ. ಕಮ್ಮಾರರ, ಬಡಗಿಗಳ ಕೈಗೇ ಒಪ್ಪಿಸತಕ್ಕವು. ಬಾಚಿಕಾಯಕದ ಬಸವಣ್ಣನವರಂತಹ ಶರಣರು ಹಿಡಿದ ಕಾಯಕವದು. ಅದನ್ನು ಬಲ್ಲವರಿಗೆ ಬಿಡುವುದೂ ಒಂದು ವಿವೇಕ. ನಮ್ಮ ಬಂಡಿಯ ಬಲಗಾಲಿಯಲ್ಲಿ ಎರಡು ಅರೆಕಾಲು ಮಂಕಾಗಿ ನುಡಿದವು. ಬಡಗಿಯವರು ಜಾಲಿಮರದಲ್ಲಿ ಹೊಸದು ಕೂರಿಸಿಕೊಟ್ಟರು.

ಕೀಲೆಣ್ಣೆ ಮತ್ತು ಕಡೆಗೀಲು

ಹಳೆಯ ಎಣ್ಣೆಯ ಮೇಲೆಯೇ ಹೊಸ ಎಣ್ಣೆ ಬಳಿಯುವುದು ಬಹುಜನರು ಮಾಡುವ ತಪ್ಪು. ಹಳೆಯ ಜಿಡ್ಡಿನಲ್ಲಿ ದಾರಿಯ ಮರಳು ಸೇರಿರುತ್ತದೆ. ಅದು ಎಣ್ಣೆಯ ಕೆಲಸ ಮಾಡದೆ ಅರದ ಕೆಲಸ ಮಾಡಿ ಕಬ್ಬಿಣವನ್ನು ತೇಯುತ್ತದೆ. ಗಾಲಿಯನ್ನು ಕಳಚಿ, ಅಚ್ಚಿನ ತುದಿಯನ್ನೂ ಕೊಳವೆಯ ಒಳಮೈಯನ್ನೂ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆಯೇ ಹೊಸದನ್ನು ಸವರಬೇಕು. ಹಿರಿಯರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಕೀಲೆಣ್ಣೆ ಮಾಡುತ್ತಿದ್ದರು. ಈಗ ಅಂಗಡಿಯ ಗ್ರೀಸು ಸುಲಭವಾಗಿ ದೊರೆಯುತ್ತದೆ, ಬಿಸಿಲಿಗೆ ಬೇಗ ಹರಿದುಹೋಗುವುದಿಲ್ಲ. ಉಜ್ಜಿನಿಯ ಶಿಖರಕ್ಕೆ ಎಣ್ಣೆ ಎರೆಯುವುದನ್ನು ಕಂಡು ಕೈಮುಗಿಯುವ ನಾವು, ಅಲ್ಲಿಗೆ ನಮ್ಮನ್ನು ಮುಟ್ಟಿಸುವ ಅಚ್ಚಿಗೆ ಎಣ್ಣೆ ಎರೆಯುವುದನ್ನು ಮರೆಯಬಾರದಷ್ಟೆ.

ಕಡೆಗೀಲಿನ ವಿಷಯದಲ್ಲಿ ರಾಜಿ ಬೇಡ. ಸವೆದು ತೆಳ್ಳಗಾದದ್ದು, ಬಾಗಿದ್ದು ಕಂಡರೆ ಬದಲಿಸಬೇಕು. ಹಾಕಿದ ಮೇಲೆ ದಾರದಿಂದ ಬಿಗಿದು ಕಟ್ಟಬೇಕು. ಅದೇ ಅಳತೆಯ ಎರಡು ಕಡೆಗೀಲುಗಳು ಬಂಡಿಯಲ್ಲಿ ಸದಾ ಇರಬೇಕು. ಜೇಡರ ದಾಸಿಮಯ್ಯನವರು ವಚನವೊಂದರಲ್ಲಿ ಶರಣರ ನುಡಿಯನ್ನು ಹೋಲಿಸಿರುವುದು ಈ ಪುಟ್ಟ ಕೀಲಿಗೇ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರೇ ಉರುಳಿಬಿದ್ದು ಭಕ್ತರು ಗಾಯಗೊಂಡರು. ಅಚ್ಚು ಮುರಿದುದು ಕಾರಣವೆಂದು ಅಂದಿನ ಪತ್ರಿಕೆಗಳು ಬರೆದವು. ತೇರಾಗಲಿ ಬಂಡಿಯಾಗಲಿ, ಹೊರಡುವ ಮುನ್ನ ಅಚ್ಚನ್ನೂ ಕೀಲನ್ನೂ ಕಣ್ಣಿಟ್ಟು ನೋಡಬೇಕಾದ ಅಗತ್ಯ ಒಂದೇ.

ಭಾರದ ಸಮತೋಲ

ಬಂಡಿ ಎಷ್ಟೇ ಗಟ್ಟಿಯಿದ್ದರೂ ಹೇರುವ ಕ್ರಮ ತಪ್ಪಿದರೆ ಎತ್ತಿಗೆ ಸಂಕಟ ತಪ್ಪದು. ಎರಡೇ ಗಾಲಿಯ ಬಂಡಿ ತಕ್ಕಡಿಯಂತೆ. ಅಚ್ಚೇ ಅದರ ನಡುಗೋಲು. ಭಾರ ಅಚ್ಚಿನ ಮುಂದೆ ಹೆಚ್ಚಾದರೆ ನೊಗ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳಪಟ್ಟಿ ಗಂಟಲನ್ನು ಬಿಗಿಯುತ್ತದೆ. ಆದ್ದರಿಂದ ಬಂಡಿಯ ಹಿಂಭಾಗಕ್ಕೆ ಆಸರೆಯ ಗೂಟ ಕೊಟ್ಟು, ಜನರೂ ಸಾಮಾನೂ ತಮ್ಮ ತಮ್ಮ ಜಾಗದಲ್ಲಿ ಕುಳಿತ ಮೇಲೆ, ಎತ್ತು ಹೂಡುವ ಮೊದಲು ಒಬ್ಬರು ನೊಗವನ್ನು ಎರಡು ಕೈಗಳಿಂದ ಎತ್ತಿ ನೋಡಬೇಕು. ತಿಣುಕಿದರೆ ಭಾರ ಮುಂದಿದೆ. ನೊಗ ತಾನಾಗಿಯೇ ಮೇಲೇಳುವಂತಿದ್ದರೆ ಭಾರ ಹಿಂದಿದೆ. ನೀರಿನ ಕೊಡ, ಜೋಳದ ಚೀಲ ಇತ್ಯಾದಿಗಳನ್ನು ಅಚ್ಚಿನ ನೇರಕ್ಕೆ ಕೆಳಗಿಟ್ಟು, ಹಗುರವಾದವನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ, ನೊಗ ಸ್ವಲ್ಪವೇ ಭಾರವೆನಿಸುವಂತೆ ಹೊಂದಿಸಬೇಕು.

ನಾವು ಹೀಗೆ ನೊಗ ಎತ್ತಿ ನೋಡುತ್ತಿದ್ದಾಗ ಅಣ್ಣನ ಮೊಮ್ಮಗ ನಕ್ಕು, "ಸಣ್ಣಜ್ಜ, ಹೊರದೇಶದೋರು ಕ್ಯಾರವಾನಿಗೂ ಹಿಂಗೇ ಮಾಡ್ತಾರೆ" ಎಂದ. ವಿಚಾರಿಸಿದಾಗ ಅದು ನಿಜವೆಂದು ತಿಳಿಯಿತು. ಕಾರಿನ ಹಿಂದೆ ಎಳೆದೊಯ್ಯುವ ಆ ಗಾಲಿಮನೆಗಳಲ್ಲಿ ಮುಂದಿನ ಕೊಂಡಿಯ ಮೇಲೆ ಬೀಳುವ ಭಾರವನ್ನು ಹೊರಡುವ ಮುನ್ನ ತೂಗಿ ನೋಡುತ್ತಾರಂತೆ. ಹಿಂಭಾರ ಹೆಚ್ಚಾದರೆ ಗಾಲಿಮನೆ ರಸ್ತೆಯಲ್ಲಿ ಹಾವಿನಂತೆ ಹೊಯ್ದಾಡುತ್ತದೆಯಂತೆ. ಅವುಗಳ ಮೂಲವೂ ನಮ್ಮ ಬಂಡಿಗೆ ದೂರದ್ದಲ್ಲ. 1885ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ವೈದ್ಯ ಗಾರ್ಡನ್ ಸ್ಟೇಬಲ್ಸ್ ಎಂಬುವರು ಬ್ರಿಸ್ಟಲ್ ನಗರದಲ್ಲಿ ಮಾಡಿಸಿಕೊಂಡ 'ವಾಂಡರರ್' ಎಂಬ ಪ್ರವಾಸಿ ಗಾಲಿಮನೆಯನ್ನು ಎಳೆದದ್ದು ಎರಡು ಕುದುರೆಗಳು. ಅದರಲ್ಲಿ ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಅವರು ಸಂತೋಷಕ್ಕಾಗಿ ಮಾಡಿದ್ದನ್ನು ನಮ್ಮ ಹಿರಿಯರು ದೇವರ ದರ್ಶನಕ್ಕಾಗಿ ಮಾಡುತ್ತಿದ್ದರು. ಇದನ್ನು ಕೇಳಿದ ಮೇಲೆ ಮರ ಮಾರುವ ಮಾತು ನಮ್ಮ ಮನೆಯಲ್ಲಿ ನಿಂತುಹೋಯಿತು.

ಮಾಡಿಕೊಳ್ಳಬಹುದಾದ ಸುಧಾರಣೆಗಳು

ಕಮಾನಿಗೆ ಹಸಿ ಬಿದಿರನ್ನು ಸೀಳಿ, ಕೆಂಡದ ಕಾವಿಗೆ ಹಿಡಿದು ನಿಧಾನವಾಗಿ ಬಾಗಿಸಬೇಕು. ಹೊದಿಕೆಯನ್ನು ಮೊಳೆ ಹೊಡೆದು ಕೂರಿಸದೆ ಹಗ್ಗದಿಂದ ಕಟ್ಟಬೇಕು. ಮೊಳೆಯ ತೂತಿನಿಂದಲೇ ಬಿದಿರು ಸೀಳುವುದು. ಹಿಂದಿನವರು ಚಾಪೆ ಹೊದಿಸುತ್ತಿದ್ದರು; ಈಗ ಟಾರ್ಪಾಲು ಹಗುರ, ಮಳೆಗೂ ಭದ್ರ. ಹಿಂದೆ ಮುಂದೆ ಗಾಳಿಯಾಡುವಂತೆ ತೆರೆದಿರಬೇಕು. ಕಮಾನಿನೊಳಗೆ ಹುಲ್ಲಿರುವುದರಿಂದ ದೀಪ, ಬೆಂಕಿಕಡ್ಡಿ, ಒಲೆ ಸರ್ವಥಾ ಕೂಡದು. ಬ್ಯಾಟರಿ ದೀಪ ಸಾಕು. ಇರುಳಿನಲ್ಲಿ ಡಾಂಬರು ರಸ್ತೆಯ ಮೇಲೆ ಸಾಗುವವರು ಹಿಂಬದಿಗೆ ಕೆಂಪು ಹೊಳಪಿನ ಪಟ್ಟಿ ಅಂಟಿಸುವುದು ಅತ್ಯವಶ್ಯ. ವೇಗವಾಗಿ ಬರುವ ಲಾರಿಯವನಿಗೆ ಕತ್ತಲೆಯಲ್ಲಿ ಬಂಡಿ ಕಾಣುವುದಿಲ್ಲ.

ನೊಗದ ಒಳಮೈಯನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ, ಹತ್ತಿ ತುಂಬಿದ ಬಟ್ಟೆಯ ಮೆತ್ತೆ ಕಟ್ಟಬೇಕು. ಹೆಗಲಿನ ಮೇಲೆ ಬಾವು ಕಂಡರೆ ಅದು ಇಳಿಯುವವರೆಗೆ ಆ ಎತ್ತನ್ನು ಹೂಡಬಾರದು, ಪಶುವೈದ್ಯರಿಗೆ ತೋರಿಸಬೇಕು. ಟೈರಿನ ಗಾಡಿಯಿದ್ದವರಿಗೆ ಎಳೆತ ಹಗುರ, ನಿಜ. ಆದರೆ ಗಾಳಿ ಇಳಿದ ಟೈರು ಕಬ್ಬಿಣದ ಗಾಲಿಗಿಂತಲೂ ಭಾರವೆನಿಸುವುದುಂಟು. ಎರಡೂ ಟೈರುಗಳಲ್ಲಿ ಗಾಳಿ ಸಮವಾಗಿರಲಿ.

1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳನ್ನೂ ನಮ್ಮವರು ತಿಳಿದಿರಬೇಕು. ಅವುಗಳ ಪ್ರಕಾರ ಬಂಡಿಯ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ವಿಶ್ರಾಂತಿಯಿಲ್ಲದೆ ಸತತವಾಗಿ 5 ಗಂಟೆ ಮೀರಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಕೂಡದು. ಮೊಳೆ ಬಡಿದ ಬಾರುಕೋಲಿಗೂ ನಿಷೇಧವಿದೆ. ಬಿಸಿಲೇರುವ ಮುನ್ನ ನೆರಳು ಹಿಡಿದು, ತಂಪು ಹೊತ್ತಿನಲ್ಲಿ ಪಯಣ ಮುಂದುವರಿಸುತ್ತಿದ್ದ ನಮ್ಮ ಹಿರಿಯರು ಇದನ್ನು ಕಾನೂನು ಬರುವ ಮೊದಲೇ ಪಾಲಿಸುತ್ತಿದ್ದರು.

ಸೋಮವಾರದ ಕೆಲಸ

ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನಿಗೆ ಬಿಡುವಿರುವ ಆ ದಿನವನ್ನೇ ಬಂಡಿಯ ಆರೈಕೆಗೆ ಇಟ್ಟುಕೊಂಡರೆ ಉಚಿತವೆಂದು ನಮ್ಮ ಅಭಿಪ್ರಾಯ. ಅರ್ಧ ಗಂಟೆ ಸಾಕು. ಕೀಲು ನೋಡುವುದು, ಅರೆಕಾಲು ತಟ್ಟುವುದು, ನೊಗ ಸವರುವುದು. ಬಂಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಗಾಲಿಗಳ ಕೆಳಗೆ ಚಪ್ಪಡಿ ಕಲ್ಲು ಕೊಟ್ಟು, ಮೂಕಿಯ ತುದಿ ನೆಲಕ್ಕೆ ತಾಗದಂತೆ ಎತ್ತಿಟ್ಟರೆ ಗೆದ್ದಲು ಹತ್ತುವುದು ತಪ್ಪುತ್ತದೆ. ಮನೆಯ ಮಕ್ಕಳನ್ನು ಈ ಕೆಲಸಕ್ಕೆ ಜೊತೆಗೂಡಿಸಿಕೊಳ್ಳಬೇಕು. ಆದರೆ ಒಂದು ವಿಜ್ಞಾಪನೆ: ಮಗುವಿನ ಕೈಯಿಂದ ಕೀಲೊಂದು ಕಳೆದುಹೋದರೆ ಗದರಬೇಡಿ. ಕಳೆದದ್ದನ್ನು ಅಂಜದೆ ಹೇಳುವ ಧೈರ್ಯವನ್ನು ಮೊದಲು ಕೊಡಿ. ಆ ಧೈರ್ಯ ನಮಗೆ ಅಂದು ಇದ್ದಿದ್ದರೆ ಕೆಂದನ ಹೆಗಲು ಉಳಿಯುತ್ತಿತ್ತು.

ಈ ವರ್ಷ ಅಣ್ಣನ ಮೊಮ್ಮಗ ಗಾಲಿಗೆ ತಾನೇ ಎಣ್ಣೆ ಹಾಕಿ, ಕಡೆಗೀಲು ತೊಡಿಸಿ, ದಾರ ಕಟ್ಟಿದ. ಎಲ್ಲ ಮುಗಿದ ಮೇಲೆ, "ಸಣ್ಣಜ್ಜ, ಒಂದ್ಸಲ ನೋಡ್ರಿ" ಎಂದು ಕರೆದ. ನಾವು ಬಾಗಿ, ಕನ್ನಡಕ ಸರಿಪಡಿಸಿಕೊಂಡು, ಎಡಗಾಲಿಯನ್ನೇ ಮೊದಲು ನೋಡಿದೆವು. ಕೀಲು ಭದ್ರವಾಗಿತ್ತು.