ಹಣ ಕೈಸೇರಿದರೆ ಮಾರಾಟ ಮುಗಿಯಿತೇ? ಮಾರ್ಪಡಿಸಿದ ಕಾರನ್ನು ಹೊರರಾಜ್ಯಕ್ಕೆ ಮಾರುವ ಮುನ್ನ

ಸರಕು ಕೈಬಿಟ್ಟು ಹಣ ಕೈಸೇರಿದೊಡನೆ ವ್ಯವಹಾರ ಮುಗಿಯಿತೆಂಬುದು ವರ್ತಕರ ರೂಢಿಯ ತಿಳಿವಳಿಕೆ. ಮೋಟಾರು ವಾಹನದ ವಿಷಯದಲ್ಲಿ ಈ ತಿಳಿವಳಿಕೆ ಅಪಾಯಕಾರಿಯಾದುದು. ಅದರಲ್ಲಿಯೂ ಹೆಚ್ಚಿನ ವೇಗಕ್ಕಾಗಿ ಮಾರ್ಪಡಿಸಿದ ಕಾರನ್ನು ಮಧ್ಯವರ್ತಿಗಳಿಲ್ಲದೆ ದೂರದ ರಾಜ್ಯದ ಗಿರಾಕಿಗೆ ಮಾರುವಾಗ ಹಣ ಬಂದ ನಂತರವೂ ಹೊಣೆಗಾರಿಕೆಯು ಮಾರಾಟಗಾರನ ಹೆಗಲಿನಲ್ಲಿಯೇ ಉಳಿಯುವ ಸಂಭವವಿದೆ.

ಉದಾಹರಣೆಗೆ, ಹುಬ್ಬಳ್ಳಿಯ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ತಮ್ಮ ಪೋಲೊ ಜಿಟಿ ಟಿಎಸ್‌ಐ ಕಾರನ್ನು ಗುವಾಹಟಿಯ ಖರೀದಿದಾರರಿಗೆ ಮಾರಲು ನಿಶ್ಚಯಿಸಿದರೆಂದು ಭಾವಿಸಬಹುದು. 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರಿನ 1.2 ಲೀಟರ್ ಟರ್ಬೊ ಇಂಜಿನ್ನಿನ ಸಾಮರ್ಥ್ಯ 105 ಅಶ್ವಶಕ್ತಿ. ಮಾಲೀಕರು ಇಂಜಿನ್ ನಿಯಂತ್ರಕ ಗಣಕದ ತಂತ್ರಾಂಶವನ್ನು ಬದಲಿಸಿ ಶಕ್ತಿಯನ್ನು ಹೆಚ್ಚಿಸಿದ್ದಾರೆ. ಸೈಲೆನ್ಸರ್, ಸ್ಪ್ರಿಂಗ್ ಹಾಗೂ ಚಕ್ರಗಳನ್ನೂ ಬದಲಿಸಿದ್ದಾರೆ. ಗಿರಾಕಿಯು ಛಾಯಾಚಿತ್ರಗಳನ್ನು ನೋಡಿಯೇ ಒಪ್ಪಿ ಹಣ ಕಳುಹಿಸುತ್ತಾರೆ. ತೊಡಕು ಆರಂಭವಾಗುವುದು ಇಲ್ಲಿಂದಲೇ.

ಕಾನೂನಿನ ದೃಷ್ಟಿಯಲ್ಲಿ ಮಾರ್ಪಾಡು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಇವೆರಡನ್ನೂ ವಿಧಿಸಲು ಅವಕಾಶ ಕಲ್ಪಿಸಿದೆ.

ಹೊರರಾಜ್ಯದಲ್ಲಿ ಹೊಸ ಸಂಖ್ಯೆ ಪಡೆಯುವಾಗ ಸಾಮಾನ್ಯವಾಗಿ ವಾಹನವನ್ನು ಅಲ್ಲಿನ ನಿರೀಕ್ಷಕರ ಮುಂದೆ ಹಾಜರುಪಡಿಸಬೇಕು. ಮಾರ್ಪಾಡುಗಳನ್ನು ಕಂಡು ಅವರು ಅರ್ಜಿಯನ್ನು ತಡೆಹಿಡಿದರೆ ಖರೀದಿದಾರರು ಕಾರನ್ನು ಹಳೆಯ ಸಂಖ್ಯೆಯಲ್ಲಿಯೇ ಓಡಿಸತೊಡಗುತ್ತಾರೆ. ಕಾರು ಗುವಾಹಟಿಯಲ್ಲಿ, ದಾಖಲೆಯಲ್ಲಿನ ಹೆಸರು ಹುಬ್ಬಳ್ಳಿಯವರದು! ಮಾರ್ಪಾಡು ಮತ್ತು ದೂರ ಎಂಬ ಎರಡು ತೊಡಕುಗಳು ಒಂದಕ್ಕೊಂದು ಬೆಸೆದುಕೊಳ್ಳುವುದು ಹೀಗೆ.

ಹೆಸರು ಉಳಿದರೆ ಹೊಣೆಯೂ ಉಳಿಯುವುದು

ಇದರ ಪರಿಣಾಮವೇನೆಂಬುದನ್ನು ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿಯ ತೀರ್ಪು ಮನಗಾಣಿಸುತ್ತದೆ. ವ್ಯಕ್ತಿಯೊಬ್ಬರು 2007ರಲ್ಲಿ ಮಾರಿದ ಕಾರು ಹಲವು ಕೈಗಳನ್ನು ದಾಟಿ, 2009ರಲ್ಲಿ ಅಪಘಾತಕ್ಕೀಡಾಗಿ ಜೀವಹಾನಿಯೂ ಸಂಭವಿಸಿತು. ಆದರೆ ನೋಂದಣಿಯು ಮೊದಲನೆಯ ಮಾರಾಟಗಾರರ ಹೆಸರಿನಲ್ಲಿಯೇ ಇತ್ತು. ಕಾಯಿದೆಯ ಅರ್ಥದಲ್ಲಿ ಅವರೇ ಮಾಲೀಕರಾದುದರಿಂದ ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯವು ನಿರ್ಣಯಿಸಿತು. ವಿಮೆ ಚಾಲ್ತಿಯಲ್ಲಿ ಇಲ್ಲದಿದ್ದಲ್ಲಿ ಇಂತಹ ಹೊಣೆಯು ಜೀವಮಾನದ ಗಳಿಕೆಯನ್ನೇ ನುಂಗಿಬಿಡಬಹುದು.

ಆದುದರಿಂದ ಸಹಿ ಮಾತ್ರ ಹಾಕಿದ ಖಾಲಿ 29 ಮತ್ತು 30ನೆಯ ನಮೂನೆಗಳನ್ನು ಗಿರಾಕಿಗೆ ಒಪ್ಪಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಖರೀದಿದಾರರ ಹೆಸರು, ವಿಳಾಸ, ದಿನಾಂಕಗಳನ್ನು ಭರ್ತಿ ಮಾಡಿಯೇ ಸಹಿ ಮಾಡುವುದು ಕ್ಷೇಮ. ಕಾರಿನ ಮೇಲೆ ಸಾಲವಿದ್ದಲ್ಲಿ ಅದನ್ನು ತೀರಿಸಿ, 35ನೆಯ ನಮೂನೆಯ ಮೂಲಕ ಅಡಮಾನದ ನಮೂದನ್ನು ತೆಗೆಸಬೇಕು. ತರುವಾಯ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಹೊರರಾಜ್ಯದ ವರ್ಗಾವಣೆಯಲ್ಲಿ ಮಾರಾಟಗಾರನಿಗೆ ವಿಧಿಸಿರುವ ಗಡುವು 45 ದಿನಗಳು. ಖರೀದಿದಾರನಿಗೆ 30 ದಿನಗಳು.

ಬೆಲೆ, ಪಾವತಿ ಮತ್ತು ತೆರಿಗೆ

ಮಾರ್ಪಾಡಿಗೆ ವೆಚ್ಚ ಮಾಡಿದ ಹಣ ಮಾರಾಟದಲ್ಲಿ ಪೂರ್ತಿ ಮರಳಿ ಬರುವುದೆಂದು ನಿರೀಕ್ಷಿಸುವುದು ತರವಲ್ಲ. ಗಿರಾಕಿಯ ದೃಷ್ಟಿಯಲ್ಲಿ ಅದು ಇಂಜಿನ್ ಮತ್ತು ಗೇರ್‌ಬಾಕ್ಸ್‌ಗಳು ಅಧಿಕ ಒತ್ತಡಕ್ಕೆ ಒಳಗಾಗಿರುವುದರ ಸೂಚನೆಯೂ ಹೌದು. ಕಾರ್ಖಾನೆಯ ಮೂಲ ಬಿಡಿಭಾಗಗಳನ್ನು ಕಾಪಾಡಿಕೊಂಡವರು ಕಾರನ್ನು ಮೂಲಸ್ಥಿತಿಗೆ ತಂದು ಮಾರುವುದೇ ಲೇಸು. ಮರುನೋಂದಣಿಯ ತೊಡಕು ಅದರಿಂದಲೇ ಬಹುಮಟ್ಟಿಗೆ ನಿವಾರಣೆಯಾಗುತ್ತದೆ; ತೆಗೆದ ಸಾಮಗ್ರಿಗೆ ಪ್ರತ್ಯೇಕ ಬೆಲೆಯೂ ದೊರೆಯಬಹುದು.

ಪಾವತಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅವಶ್ಯ. ಹಣ ಪಡೆಯಲು ಯುಪಿಐ ಗುಪ್ತ ಸಂಖ್ಯೆಯನ್ನು ಒತ್ತಬೇಕಾದ ಅಗತ್ಯವಿಲ್ಲ; ಹಾಗೆ ಕೇಳುವವರು ವಂಚಕರು. ಡಿಮ್ಯಾಂಡ್ ಡ್ರಾಫ್ಟ್ ನಕಲಿಯಾಗಿರಬಹುದು. 2 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಆರ್‌ಟಿಜಿಎಸ್ ಸೂಕ್ತ. ಹಣ ಜಮೆಯಾಗಿರುವುದನ್ನು ಸ್ವಂತ ಬ್ಯಾಂಕ್ ಖಾತೆಯಲ್ಲಿ ನೋಡಿದ ನಂತರವೇ ಕೀಲಿಕೈಯನ್ನು ಒಪ್ಪಿಸಬೇಕು. ಇಂತಹ ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ ತೆರಬೇಕಾದೀತು.

ಕಾರು ಜಿಎಸ್‌ಟಿ ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿದ್ದರೆ ತೆರಿಗೆಯನ್ನೂ ಗಮನಿಸಬೇಕು. ಜಿಎಸ್‌ಟಿ ಮಂಡಳಿಯು 2024ರ ಡಿಸೆಂಬರ್‌ನಲ್ಲಿ ಹಳೆಯ ವಾಹನಗಳ ಮಾರಾಟದ ಲಾಭಾಂಶಕ್ಕೆ ಶೇ. 18ರ ದರವನ್ನು ಶಿಫಾರಸು ಮಾಡಿತು. ಸವಕಳಿ ಪಡೆದಿದ್ದಲ್ಲಿ, ಸವಕಳಿ ಕಳೆದ ಮೌಲ್ಯಕ್ಕಿಂತ ಅಧಿಕವಾಗಿ ಬಂದ ಮೊತ್ತವೇ ಲಾಭಾಂಶ.

ಒಪ್ಪಂದ ಮತ್ತು ಸಾಗಣೆ

ಕೊಂಡ ತಿಂಗಳೊಳಗೆ ಇಂಜಿನ್ ಕೆಟ್ಟು, ಗಿರಾಕಿಯು ಹಣ ಮರಳಿಸುವಂತೆ ಒತ್ತಾಯಿಸುವುದುಂಟು. "ಇದ್ದಲ್ಲಿ, ಇದ್ದಂತೆಯೇ" ಎಂಬ ಒಂದು ಸಾಲು ಇಲ್ಲಿ ಪೂರ್ಣ ರಕ್ಷಣೆಯಾಗದು. 1872ರ ಭಾರತೀಯ ಕರಾರು ಕಾಯಿದೆಯಂತೆ, ತಿಳಿದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದು ವಂಚನೆಯೇ. ಪ್ರತಿಯೊಂದು ಮಾರ್ಪಾಡನ್ನೂ, ಹಿಂದಿನ ರಿಪೇರಿಗಳನ್ನೂ ಬರಹದಲ್ಲಿ ತಿಳಿಸಿ ಗಿರಾಕಿಯ ಸಹಿ ಪಡೆಯಬೇಕು. ಇಂಧನದ ವಿಷಯವನ್ನೂ ಮರೆಯಬಾರದು. ಹೆಚ್ಚಿನ ಆಕ್ಟೇನ್ ಪೆಟ್ರೋಲಿಗೆ ಹೊಂದಿಸಿದ ಇಂಜಿನ್ನಿಗೆ ಸಾಮಾನ್ಯ ಪೆಟ್ರೋಲು ಹಾಕಿದರೆ ಅಕಾಲಿಕ ದಹನದಿಂದ ಹಾನಿಯಾಗಬಹುದು. ಇಂಡಿಯನ್ ಆಯಿಲ್ ಸಂಸ್ಥೆಯು 2020ರ ಡಿಸೆಂಬರ್‌ನಲ್ಲಿ ಹೊರತಂದ 100 ಆಕ್ಟೇನ್ ಪೆಟ್ರೋಲಿನಂತಹ ಇಂಧನ ಎಲ್ಲ ಊರುಗಳಲ್ಲಿಯೂ ದೊರೆಯದು.

ಲಾರಿಯಲ್ಲಿ ಸಾಗಿಸುವಾಗಿನ ನಷ್ಟ ಯಾರದು, ಸಾಗಣೆ ವಿಮೆ ಯಾರ ಹೆಸರಿನಲ್ಲಿ ಎಂಬುದೂ ಒಪ್ಪಂದದಲ್ಲಿರಲಿ. ಬೇರೆ ಕರಾರಿಲ್ಲದಿದ್ದಲ್ಲಿ, 1930ರ ಸರಕು ಮಾರಾಟ ಕಾಯಿದೆಯಂತೆ ನಷ್ಟದ ಹೊಣೆಯು ಸ್ವಾಮ್ಯದೊಡನೆ ವರ್ಗವಾಗುತ್ತದೆ. ಹಸ್ತಾಂತರದ ದಿನಾಂಕ ಮತ್ತು ವೇಳೆಯನ್ನು ನಮೂದಿಸಿದ ರಸೀದಿಯೊಂದನ್ನು ಪಡೆದಿಟ್ಟುಕೊಳ್ಳುವುದು ಅವಶ್ಯ. ವಿಮಾ ಕಂಪನಿಗೂ ಮಾರಾಟವನ್ನು ಲಿಖಿತವಾಗಿ ತಿಳಿಸಬೇಕು. ಕ್ಲೇಮುರಹಿತ ಬೋನಸ್ ಮಾರಾಟಗಾರನ ಹಕ್ಕು; ಅದರ ಪ್ರಮಾಣಪತ್ರ ಪಡೆದು ಹೊಸ ಕಾರಿನ ವಿಮೆಗೆ ಬಳಸಿಕೊಳ್ಳಬಹುದು.

ಬೆಲೆಯಲ್ಲಿ ಒಂದು ಭಾಗವನ್ನು ಹೆಸರು ವರ್ಗಾವಣೆಯಾಗುವವರೆಗೆ ಗಿರಾಕಿಯಿಂದ ಪ್ರತ್ಯೇಕ ಠೇವಣಿಯಾಗಿ ಪಡೆದು, ವರ್ಗಾವಣೆಯಾದೊಡನೆ ಮರಳಿಸುವ ಕರಾರು ಉಪಯುಕ್ತ. ಗಿರಾಕಿಗೆ ಕಚೇರಿಗೆ ಅಲೆಯುವ ಆಸಕ್ತಿ ಅದರಿಂದ ಉಳಿಯುತ್ತದೆ. ಪರಿವಾಹನ್ ಜಾಲತಾಣದಲ್ಲಿ ಹೊಸ ಮಾಲೀಕರ ಹೆಸರು ದಾಖಲಾಗಿರುವುದು ಖಚಿತವಾಗುವವರೆಗೂ ಕಡತವನ್ನು ತೆರೆದೇ ಇಡಬೇಕು. ಮಾರಾಟ ನಿಜವಾಗಿ ಮುಗಿಯುವುದು ಅಂದೇ.